ಹಂಪೇಶನ ಜಾಗ

ನವೆಂಬರ್ ೧೧, ೨೦೨೪, ಸೋಮವಾರ

ಬೆಳಿಗ್ಗೆ ಏಳೂವರೆಗೆ ನನ್ನ ಸೊಂಟ ಕೈಕೊಟ್ಟಿತು. ಹಂಪೇಶನಿಗೆ ಸ್ನಾನ ಮಾಡಿಸಿ ಸ್ಟೂಲಿನಿಂದ ಗಾಲಿಕುರ್ಚಿಗೆ ಎತ್ತಿ ಕೂರಿಸುತ್ತಿದ್ದೆ. ಒಳಗೆಲ್ಲೋ ಚಟ್ ಅಂದಿತು. ಕಣ್ಣುಬಿಟ್ಟಾಗ ಇಬ್ಬರೂ ಬಚ್ಚಲಲ್ಲಿ ಮಲಗಿದ್ದೆವು. ಅವನು ನನ್ನ ಮೇಲೆ, ನಾನು ಸೋಪಿನ ಮೇಲೆ.

"ಅಣ್ಣ, ಪೆಟ್ಟು ಬಿತ್ತೇನು?" ಎಂದ.

"ಇಲ್ಲ."

"ಹಂಗಾದ್ರ ಏಳು."

ಏಳಲಾಗಲಿಲ್ಲ.

"ಅತ್ತಿಗಿನ್ನ ನೀನ ಕರಿ. ನಾ ಒದರಿದ್ದು ಆಕಿಗೆ ತಿಳಿಯಾದ್ರಾಗ ಮಧ್ಯಾಹ್ನ ಆಕ್ಕೈತಿ," ಎಂದ.

ಹಂಪೇಶ ನನ್ನ ತಮ್ಮ. ನಲವತ್ತಾರು ವರ್ಷ. ಹುಟ್ಟುವಾಗ ಮೆದುಳಿಗೆ ಏಟು ಬಿದ್ದು ಕೈಕಾಲು ಬಿಗಿದುಕೊಂಡವು. ಸೆರೆಬ್ರಲ್ ಪಾಲ್ಸಿ ಎನ್ನುತ್ತಾರೆ. ಎಡಗೈಯ ಎರಡು ಬೆರಳು ಮಾತ್ರ ಅವನ ಮಾತು ಕೇಳುತ್ತವೆ. ಒಂದೊಂದು ಶಬ್ದವನ್ನೂ ಬಾವಿಯಿಂದ ನೀರು ಸೇದಿದ ಹಾಗೆ ಸೇದಿ ಸೇದಿ ಆಡುತ್ತಾನೆ. ಇಲ್ಲಿ ನಾನು ಬರೆದಷ್ಟು ಸಲೀಸಾಗಿ ಅವನ ಮಾತು ಬರುವುದಿಲ್ಲ. ಬುದ್ಧಿಗೆ ಏನೂ ಆಗಿಲ್ಲ. ನನಗಿಂತ ಅವನೇ ಚುರುಕು ಎಂದು ಅವ್ವ ಹೇಳುತ್ತಿದ್ದಳು. ಹೆತ್ತ ಕರುಳು ಏನಾದರೂ ಹೇಳುತ್ತದೆ ಎಂದು ಬಿಟ್ಟಿದ್ದೆ.

ಡಾಕ್ಟರರು ಮೂರು ವಾರ ಮಲಗಿ ಎಂದರು. ಇನ್ನು ಮೇಲೆ ಐದು ಕಿಲೋಗಿಂತ ಹೆಚ್ಚಿನದನ್ನು ಎತ್ತಬಾರದಂತೆ. ಹಂಪೇಶ ಐವತ್ತೆಂಟು ಕಿಲೋ.

ಮಲಗಿ ಮಾಡುವುದೇನು, ಆದ್ದರಿಂದ ಈ ದಿನಚರಿ. ಸಬ್ ರಿಜಿಸ್ಟ್ರಾರ್ ಕಚೇರಿಯ ಮುಂದೆ ಕೂತು ಇಪ್ಪತ್ತಾರು ವರ್ಷದಿಂದ ಊರ ಮಂದಿಯ ಪತ್ರ ಬರೆಯುವ ಚನ್ನಬಸವರಾಜ, ಮೊದಲ ಸಲ ಯಾರೂ ಫೀಸು ಕೊಡದ ಬರಹ ಬರೆಯುತ್ತಿದ್ದೇನೆ.

ನವೆಂಬರ್ ೧೪, ಗುರುವಾರ

ಹಂಪೇಶನನ್ನು ನೋಡಿಕೊಳ್ಳಲು ಒಬ್ಬ ಆಳು ಬಂದ, ಎರಡು ದಿನ ಇದ್ದ, ಹೋದ. ಬೆಳಿಗ್ಗೆ ಟೀ ಕುಡಿದು ಬರುತ್ತೇನೆಂದು ಹೊರಟವನು ಸಂಜೆಯಾದರೂ ಟೀ ಮುಗಿಸಿಲ್ಲ. ವಿರೂಪಮ್ಮ, ನನ್ನ ಹೆಂಡತಿ, ಪಕ್ಕದ ಮನೆಯವರನ್ನು ಕರೆದು ಹಂಪೇಶನನ್ನು ಕುರ್ಚಿಯಿಂದ ಮಂಚಕ್ಕೆ ಸಾಗಿಸಿದಳು. ಅವರು ಬೀರು ಸಾಗಿಸುವ ಹಾಗೆ "ಹಿಡಿ, ತಿರುಗಿಸು, ಬಾಗಿಲು ನೋಡು" ಎನ್ನುತ್ತಿದ್ದರು. ನಾನು ನನ್ನ ಮಂಚದಲ್ಲಿ ಮಲಗಿ ಸಲಹೆ ಕೊಟ್ಟೆ. ಯಾರೂ ತೆಗೆದುಕೊಳ್ಳಲಿಲ್ಲ.

ಊಟದ ಹೊತ್ತಿಗೆ ಹಂಪೇಶ ಒಂದು ಮಾತು ಶುರು ಮಾಡಿದ. "ಅಣ್ಣ, ನನಗ ಎಲ್ಯಾರ..."

"ನೋವೈತೇನು?" ಎಂದೆ. ಅವನ ವಾಕ್ಯಗಳನ್ನು ನಾನೇ ಮುಗಿಸಿಕೊಡುವುದು ರೂಢಿ. ಟೈಮು ಉಳಿಯುತ್ತದೆ.

ಅವನು ತಲೆಯಲ್ಲಾಡಿಸಿ ಮತ್ತೆ ಮೊದಲಿಂದ ಬಂದ. "ನನಗ ಎಲ್ಯಾರ ಒಂದು ಹಾಸ್ಟೆಲ್ ಹುಡುಕು. ನನ್ನಂಥೋರು ಇರೋದು."

ನನಗೆ ಸಿಟ್ಟು ಬಂತು. ಇಷ್ಟು ವರ್ಷ ಎತ್ತಿದ್ದೇನೆ, ಇಳಿಸಿದ್ದೇನೆ. ಅವ್ವ ಹೋದ ಮೇಲೆ ಅವನಿಗೆ ಯಾವುದಕ್ಕೂ ಕೊರತೆ ಮಾಡಿಲ್ಲ. ಸಿರುಗುಪ್ಪದಲ್ಲಿರುವ ಅವನ ಹೊಲವನ್ನೂ ನಾನೇ ನೋಡಿಕೊಳ್ಳುತ್ತಿದ್ದೇನೆ. ಮಂದಿ ಏನೆನ್ನುತ್ತಾರೆ? ಬಸವರಾಜ ತಮ್ಮನನ್ನು ಹೊರಗೆ ಹಾಕಿದ ಎನ್ನುತ್ತಾರೆ.

"ಮಂದಿ ಬಂದು ಎತ್ತತಾರೇನ್ರಿ?" ಎಂದಳು ವಿರೂಪಮ್ಮ. ಆಕೆಗೂ ಮೊಣಕಾಲು ನೋವು ಎಂಬುದು ಇವತ್ತು ತಿಳಿಯಿತು. ಎರಡು ವರ್ಷದಿಂದ ಇದೆಯಂತೆ.

ನವೆಂಬರ್ ೨೦, ಬುಧವಾರ

ಹಂಪೇಶನನ್ನು ಎಲ್ಲಿ ಇಡುವುದು ಎಂದು ನೋಡಲು ಸೊಂಟಕ್ಕೆ ಬೆಲ್ಟ್ ಕಟ್ಟಿಕೊಂಡು ಹೊರಟೆ. ಡಾಕ್ಟರರು ಹೇಳಿದ ಮೂರು ವಾರದಲ್ಲಿ ಒಂದೂವರೆ ವಾರ ಮಾಡಿದ್ದೇನೆ. ಸರಾಸರಿ ನೋಡಿದರೆ ನಾನು ವಿಧೇಯ ರೋಗಿಯೇ.

ಕಂಟೋನ್ಮೆಂಟಿನ ಹಳೆಯ ಬಂಗಲೆಯೊಂದರಲ್ಲಿ ಹೊಸದಾಗಿ ತೆರೆದ ವಸತಿಗೃಹ. ಹಂಪೇಶ ತಾನೂ ಬರುತ್ತೇನೆಂದು ಹಟ ಹಿಡಿದ. ಗಾಲಿಕುರ್ಚಿ ಹತ್ತಿಸುವ ಆಟೋ ಮಾಡಿಕೊಂಡು ಹೋದೆವು. ದೊಡ್ಡ ಬೇವಿನ ಮರ, ಬಿಳಿ ಗೋಡೆ, ನೆಲದಲ್ಲಿ ಮುಖ ಕಾಣುತ್ತಿತ್ತು. ನನಗಂತೂ ಅಲ್ಲೇ ಸೇರಿಕೊಳ್ಳೋಣ ಅನಿಸಿತು.

ಟೈ ಕಟ್ಟಿದ ಮ್ಯಾನೇಜರರು ನನ್ನನ್ನು ನೋಡುತ್ತ ಕೇಳಿದರು: "ಪೇಶೆಂಟು ಗಲಾಟಿ ಮಾಡ್ತಾರೇನ್ರಿ?"

"ಇಲ್ಲ ಇಲ್ಲ, ಭಾಳ ಶಾಂತ ಸ್ವಭಾವ," ಎಂದೆ.

"ರಾತ್ರಿ ಎಚ್ಚರ ಆಕ್ಕಾರೇನು? ಕಚ್ಚೋದು, ಹೊಡಿಯೋದು?"

ಹಂಪೇಶ ಬಾಯಿ ತೆರೆದ. ಮ್ಯಾನೇಜರರು ಅವನು ಆಕಳಿಸುತ್ತಿದ್ದಾನೆ ಎಂದುಕೊಂಡು ಮಾತು ಮುಂದುವರಿಸಿದರು. ಅವರ ಮೂರು ಪ್ರಶ್ನೆ ಮುಗಿಯುವಷ್ಟರಲ್ಲಿ ಇವನ ಒಂದು ಪ್ರಶ್ನೆ ಹೊರಬಂತು: "ಟೀವಿ ರಿಮೋಟು... ಯಾರ ಕಡಿ ಇರ್ತೈತ್ರಿ?"

ಹಾಲಿನಲ್ಲಿ ಹದಿನೈದಿಪ್ಪತ್ತು ಜನ ಸಾಲಾಗಿ ಟೀವಿಯ ಮುಂದೆ ಕೂತಿದ್ದರು. ಹಿಂದಿ ಧಾರಾವಾಹಿ ಓಡುತ್ತಿತ್ತು. ಮ್ಯಾನೇಜರರು ನಕ್ಕು, ರಿಮೋಟು ಆಫೀಸಿನಲ್ಲಿ ಇರುತ್ತದೆ, ಕಳೆದುಹೋಗಬಾರದಲ್ಲ ಎಂದರು. ಸಂಜೆ ಆರಕ್ಕೆ ಊಟ, ಏಳಕ್ಕೆ ಮಲಗುವುದು. ಮೊಬೈಲು ಭಾನುವಾರ ಅರ್ಧ ಗಂಟೆ. ತಿಂಗಳಿಗೆ ಇಪ್ಪತ್ತೆಂಟು ಸಾವಿರ.

ವಾಪಸ್ ಬರುವಾಗ "ಹೆಂಗನಿಸ್ತು?" ಎಂದು ಕೇಳಿದೆ. ಅಷ್ಟರಲ್ಲಿ ನಾನೇ ಹೇಳಿದೆ: "ಛಲೋ ಐತಿ ಅಲ್ಲ? ಸ್ವಚ್ಛ ಐತಿ."

ಅವನು ಉತ್ತರ ಕೊಡುವ ಕಷ್ಟ ತೆಗೆದುಕೊಳ್ಳಲಿಲ್ಲ.

ನವೆಂಬರ್ ೨೧, ಗುರುವಾರ

ಇಪ್ಪತ್ತೆಂಟು ಸಾವಿರ. ಬೆನ್ನು ನೋವು ಹೆಚ್ಚಾಗಿದೆ.

ನವೆಂಬರ್ ೨೭, ಬುಧವಾರ

ಬರೆಯಲು ನಾಚಿಕೆಯಾಗುತ್ತದೆ. ಆದರೂ ಬರೆಯುತ್ತೇನೆ, ನಾಳೆ ಮರೆತರೆ ನನ್ನನ್ನು ನಾನು ಒಳ್ಳೆಯವನೆಂದು ತಿಳಿದುಕೊಂಡುಬಿಡುವ ಅಪಾಯವಿದೆ.

ಊರ ಹೊರಗೆ ಉಚಿತ ಆಶ್ರಮವೊಂದಿದೆ ಎಂದು ಯಾರೋ ಹೇಳಿದರು. ಫೋನು ಮಾಡಿದೆ. "ದಿಕ್ಕಿಲ್ಲದವ್ರಿಗೆ ಅಷ್ಟ ರೀ. ಸಂಬಂಧಿಕರು ಯಾರೂ ಇಲ್ಲ ಅಂತ ಅಫಿಡವಿಟ್ ಬೇಕು," ಎಂದರು. ಪಾಪ, ಅವರದು ನ್ಯಾಯವಾದ ಮಾತು. ಅಫಿಡವಿಟ್ ಎಂಬ ಶಬ್ದ ಕಿವಿಗೆ ಬಿದ್ದರೆ ಸಾಕು, ನನ್ನ ಕೈ ತನ್ನಷ್ಟಕ್ಕೆ ಪೆನ್ನು ತೆಗೆಯುತ್ತದೆ. ಮಂಚದ ಮೇಲೆ ಹಲಗೆ ಇಟ್ಟುಕೊಂಡು ಹತ್ತು ನಿಮಿಷದಲ್ಲಿ ಬರೆದು ಮುಗಿಸಿದೆ. "ನನಗೆ ತಂದೆ ತಾಯಿ ಇರುವುದಿಲ್ಲ. ಒಡಹುಟ್ಟಿದವರಾಗಲಿ ಪಾಲನೆ ಮಾಡುವವರಾಗಲಿ ಯಾರೂ ಇರುವುದಿಲ್ಲ ಎಂದು ಪ್ರಮಾಣೀಕರಿಸುತ್ತೇನೆ." ಅಕ್ಷರ ಮುತ್ತಿನಂತಿತ್ತು.

ಹೆಬ್ಬೆಟ್ಟು ಹಾಕಿಸಲು ಇಂಕು ಪ್ಯಾಡ್ ಹಿಡಿದು ಹಂಪೇಶನ ಹತ್ತಿರ ಹೋದೆ. "ಏನೋ ಸರ್ಕಾರಿ ಕಾಗದ, ಸುಮ್ನ ಒಂದು ಒತ್ತು," ಎಂದೆ.

ಅವನು ಎರಡು ಬೆರಳಲ್ಲಿ ಕಾಗದವನ್ನು ತನ್ನ ಕಡೆ ತಿರುಗಿಸಿಕೊಂಡು ಓದಿದ. ನಾನು ಗೋಡೆಯ ಕ್ಯಾಲೆಂಡರ್ ನೋಡುತ್ತ ನಿಂತೆ. ಸ್ವಲ್ಪ ಹೊತ್ತಿಗೆ ಕುರ್ಚಿ ಕಿರುಗುಟ್ಟಿತು. ನೋಡಿದರೆ ಅವನು ನಗುತ್ತಿದ್ದ. ಅವನು ನಕ್ಕರೆ ಮೈಯೆಲ್ಲ ನಗುತ್ತದೆ, ಕುರ್ಚಿಯ ಗಾಲಿ ಕೂಡ.

"ಕೆಳಗ ಓದು," ಎಂದ.

ಓದಿದೆ. ಸಾಕ್ಷಿದಾರರ ಜಾಗದಲ್ಲಿ, ಇಪ್ಪತ್ತಾರು ವರ್ಷದ ರೂಢಿಯಂತೆ, ನಾನೇ ಬರೆದಿದ್ದೆ: ಚನ್ನಬಸವರಾಜ. ಬರೆಸಿಕೊಡುವವರಿಗೆ ಸಂಬಂಧ: ಅಣ್ಣ.

ವಿರೂಪಮ್ಮ ಅಡುಗೆ ಮನೆಯಿಂದ ಬಂದು ಏನಾಯಿತೆಂದು ಕೇಳಿದಳು. ಹಂಪೇಶ ಕಾಗದ ತೋರಿಸಿದ. ಆಕೆ ನಗಲಿಲ್ಲ. ಓದಿ, ಮಡಚಿ, ನನ್ನ ಕೈಗೆ ಕೊಟ್ಟು ಒಳಗೆ ಹೋದಳು.

ನಗು ನಿಂತ ಮೇಲೆ ಹಂಪೇಶ ನಿಧಾನವಾಗಿ ಹೇಳಿದ. "ಮೊದ್ಲು ಒಂದು ಬರ್ದಿದ್ಯಲ್ಲ ಅಣ್ಣ... ಅದರಾಗ ಒಂದೂ ತಪ್ಪಿರ್ಲಿಲ್ಲ."

"ಯಾವ್ದು?" ಎಂದೆ. ಯಾವುದೆಂದು ನನಗೆ ಗೊತ್ತಿತ್ತು.

"ಹೊಲದ್ದು. ನೀ ಓದಿ ಹೇಳಲಿಲ್ಲ. ನಾ ಓದಿದ್ದೆ."

ನವೆಂಬರ್ ೨೯, ಶುಕ್ರವಾರ

ಎರಡು ದಿನದಿಂದ ಈ ಪುಟ ಖಾಲಿ ಇತ್ತು.

ಸಿರುಗುಪ್ಪದ ಹತ್ತಿರ ಅಪ್ಪನ ಹೆಸರಲ್ಲಿ ಆರು ಎಕರೆ ಗದ್ದೆ ಇತ್ತು. ಕಾಲುವೆ ನೀರಿನ ಭೂಮಿ. ಅಪ್ಪ, ಅವ್ವ ಇಬ್ಬರೂ ಹೋದ ಮೇಲೆ, ೨೦೧೩ರಲ್ಲಿ, ಹಂಪೇಶನಿಂದ ಹಕ್ಕು ಬಿಡುಗಡೆ ಪತ್ರ ಮಾಡಿಸಿದೆ. ಅವನ ಪಾಲಿನ ಮೂರು ಎಕರೆಯನ್ನು ಅಣ್ಣನ ಮೇಲಿನ ಪ್ರೀತಿ ವಿಶ್ವಾಸದಿಂದ ಬಿಟ್ಟುಕೊಟ್ಟಿದ್ದಾನೆ ಎಂದು. ಬರೆದವನು ನಾನು, ಬರೆಸಿಕೊಂಡವನು ನಾನು, ಅವನ ಹೆಬ್ಬೆರಳು ಹಿಡಿದು ಒತ್ತಿದವನೂ ನಾನು. ಪ್ರೀತಿ ವಿಶ್ವಾಸ ಮಾತ್ರ ಅವನದು.

ಕಾರಣ ಕೇಳಿದರೆ ನನ್ನ ಬಳಿ ಇತ್ತು. ಬ್ಯಾಂಕ್ ಸಾಲಕ್ಕೆ, ಗೊಬ್ಬರದ ಚೀಟಿಗೆ, ಎಲ್ಲದಕ್ಕೂ ಇಬ್ಬರ ಸಹಿ ಬೇಕಾಗುತ್ತದೆ. ಅವನನ್ನು ಎಲ್ಲಿ ಹೊತ್ತುಕೊಂಡು ತಿರುಗಲಿ? ಒಬ್ಬರ ಹೆಸರಲ್ಲಿದ್ದರೆ ಅನುಕೂಲ. ಹೌದು, ಅನುಕೂಲವಾಯಿತು. ಗುತ್ತಿಗೆ ದುಡ್ಡು ಮೂರು ವರ್ಷ ಕೂಡಿಟ್ಟು ಮಾಳಿಗೆಯ ಮೇಲೆ ಬಾಡಿಗೆ ಮನೆ ಕಟ್ಟಿಸಿದೆ. ಹದಿನೆಂಟು ಮೆಟ್ಟಿಲು. ಹಂಪೇಶ ಇದುವರೆಗೆ ಆ ಮನೆಯ ಒಳಗು ನೋಡಿಲ್ಲ.

ಹದಿನಾಲ್ಕನೇ ತಾರೀಖು ಇದೇ ಪುಸ್ತಕದಲ್ಲಿ "ಅವನ ಹೊಲವನ್ನೂ ನಾನೇ ನೋಡಿಕೊಳ್ಳುತ್ತಿದ್ದೇನೆ" ಎಂದು ಬರೆದಿದ್ದೇನೆ. ಯಾರೂ ಓದದ ಪುಸ್ತಕದಲ್ಲಿ ಯಾರಿಗೆ ಸುಳ್ಳು ಹೇಳಿದೆನೋ.

ಸಂಜೆ ಅವನ ಹತ್ತಿರ ಹೋಗಿ ಕೇಳಿದೆ. "ಗೊತ್ತಿದ್ರೂ ಯಾಕ ಒತ್ತಿದಿ?"

ಅವನು ಹೇಳಲು ಹೊರಟ. ನಾನು ವಾಕ್ಯ ಮುಗಿಸಿಕೊಡಲಿಲ್ಲ. ಹೇಗೆ ಮುಗಿಯುತ್ತದೋ ಗೊತ್ತಿರಲಿಲ್ಲ, ಅದಕ್ಕೆ.

"ಮರುದಿನ ಮುಂಜಾನೆ... ನನಗ ಜಳಕ ಮಾಡಸೋನು ನೀನ ಅಲ್ಲೇನು?"

ಅಷ್ಟೇ ಹೇಳಿದ.

ಡಿಸೆಂಬರ್ ೫, ಗುರುವಾರ

ಸಿರುಗುಪ್ಪಕ್ಕೆ ಹೋಗಿಬಂದೆವು. ಹೊಲ ನೋಡಬೇಕೆಂದು ಹಂಪೇಶನೂ ಬಂದ. ಕಾರಿನ ಡ್ರೈವರು, ಇನ್ನೊಬ್ಬರು ಸೇರಿ ಅವನನ್ನು ಎತ್ತಿ ಮುಂದಿನ ಸೀಟಿನಲ್ಲಿ ಕೂರಿಸಿದರು. ನಾನು ಹಿಂದೆ ಕೂತೆ. ಬೆಲ್ಟು ಕಟ್ಟಿದ ಮುದುಕ, ಮಡಿಲಲ್ಲಿ ಅವನ ನೀರಿನ ಬಾಟಲಿ.

ಗದ್ದೆಯಲ್ಲಿ ಕೊಯ್ಲಿನ ಯಂತ್ರ ಓಡುತ್ತಿತ್ತು. ಗುತ್ತಿಗೆ ಮಾಡುವ ಎರ್ರಣ್ಣ ಬದುವಿನ ಮೇಲೆ ಓಡಿ ಬಂದ. ಗಡಿಯಾಚೆಯ ಊರಿನವನು, ಕನ್ನಡದಲ್ಲಿ ಶುರು ಮಾಡಿ ತೆಲುಗಿನಲ್ಲಿ ಮುಗಿಸುತ್ತಾನೆ. ಕಾರಿನ ಕಿಟಕಿಯಲ್ಲಿ ಹಂಪೇಶನನ್ನು ನೋಡಿ ನಿಂತುಬಿಟ್ಟ.

"ಸಣ್ಣ ಸಾವ್ಕಾರ್ರು ಅಲ್ಲೇನ್ರಿ? ನಿಮ್ಮ ಅವ್ವಾರು ಇದ್ದಾಗ ನೋಡಿದ್ದೆ. ಹೆಂಗ ಅದೀರಿ?"

ಹನ್ನೊಂದು ವರ್ಷದಲ್ಲಿ ಅವನನ್ನು ಒಂದು ಸಲವೂ ಕರೆತಂದಿಲ್ಲ ಎಂಬುದು ಆಗ ಹೊಳೆಯಿತು. ದಾರಿ ಸರಿ ಇಲ್ಲ, ಅವನಿಗೆ ತ್ರಾಸು ಎಂದುಕೊಂಡಿದ್ದೆ. ದಾರಿಗೆ ಟಾರು ಬಿದ್ದು ಆರು ವರ್ಷವಾಯಿತಂತೆ.

ಹಂಪೇಶ ಕೇಳಿದ: "ವರ್ಷಕ್ಕ... ಎಷ್ಟು ಕೊಡ್ತೀ ಎರ್ರಣ್ಣ?"

ಎರ್ರಣ್ಣ ನನ್ನ ಮುಖ ನೋಡಿದ. ನಾನು ದೂರದ ಅಕ್ಕಿ ಗಿರಣಿಯ ಹೊಗೆಗೊಳವೆ ನೋಡಿದೆ. ಅದರಲ್ಲಿ ನೋಡುವಂಥದ್ದೇನೂ ಇರಲಿಲ್ಲ.

"ಆರು ಎಕರೆಗೆ ಎರಡು ಲಕ್ಷದ ಅರವತ್ತು ಸಾವಿರ್ರಿ. ಈ ವರ್ಷದ್ದು ಸಂಕ್ರಾಂತಿಗೆ. ಅಣ್ಣಾರ ಕೈಯಾಗ ಪ್ರತಿ ವರ್ಷ ಕೊಟ್ಟೀನಿ, ಚೆಪ್ಪಂಡಿ ಅಣ್ಣಾ, ನೀವ ಹೇಳ್ರಿ."

"ಕೊಟ್ಟಾನ," ಎಂದೆ. ಮಡಿಲಲ್ಲಿದ್ದ ಬಾಟಲಿಯಿಂದಲೇ ನೀರು ಕುಡಿದೆ.

"ಅರ್ಧ... ನನ್ನ ಕೈಯಾಗ ಕೊಡು," ಎಂದ ಹಂಪೇಶ.

ಎರ್ರಣ್ಣ ಮತ್ತೆ ನನ್ನನ್ನು ನೋಡಿದ. ನಾನು ತಲೆಯಾಡಿಸಿದೆ. ಅವನು ಗದ್ದೆಗೆ ಹೋಗಿ ಒಂದು ಹಿಡಿ ತೆನೆ ಕಿತ್ತು ತಂದು ಹಂಪೇಶನ ಮಡಿಲಿಗೆ ಹಾಕಿದ. ಹಂಪೇಶ ದಾರಿಯುದ್ದಕ್ಕೂ ಒಂದೊಂದೇ ಕಾಳು ಸುಲಿದು ಬಾಯಿಗೆ ಹಾಕಿಕೊಂಡ. ಕಾರಿನ ತುಂಬ ಹೊಟ್ಟು. ಡ್ರೈವರು ಗೊಣಗಿದ. ನಾನು ಐವತ್ತು ರೂಪಾಯಿ ಹೆಚ್ಚು ಕೊಟ್ಟೆ. ನನ್ನ ದಾನಗುಣ ಅಷ್ಟು.

ಡಿಸೆಂಬರ್ ೧೦, ಮಂಗಳವಾರ

ಇವತ್ತು ಕುರುಗೋಡಿಗೆ. ಈ ಜಾಗ ಹುಡುಕಿದವನು ಹಂಪೇಶ; ಎರಡು ಬೆರಳಿನಲ್ಲಿ, ಮೊಬೈಲಿನಲ್ಲಿ. ಫೋನಿನಲ್ಲಿ ಅವನೇ ಮಾತಾಡಿದ್ದಾನಂತೆ. ಇಪ್ಪತ್ತು ನಿಮಿಷ ಹಿಡಿಯಿತಂತೆ. ಅಷ್ಟು ಹೊತ್ತು ಆ ಕಡೆಯವರು ಫೋನು ಇಟ್ಟಿರಲಿಲ್ಲ ಎಂಬುದೇ ನನಗೆ ಆಶ್ಚರ್ಯ.

ಬೆಟ್ಟದ ಮಗ್ಗುಲಲ್ಲಿ, ಊರು ಮುಗಿಯುವಲ್ಲಿ, ಹೆಂಚಿನ ಉದ್ದನೆಯ ಮನೆ. ಹೊನ್ನೂರಮ್ಮ ಎಂಬ ನಿವೃತ್ತ ನರ್ಸಮ್ಮ ನಡೆಸುತ್ತಾರೆ. ಇರುವವರು ಎಂಟು ಜನ. ನೆಲ ಹೊಳೆಯುತ್ತಿರಲಿಲ್ಲ. ಅಂಗಳದಲ್ಲಿ ಯಾರದೋ ಸೀರೆ ಒಣಗಿತ್ತು, ಯಾರೋ ಯಾರಿಗೋ ಬೈಯುತ್ತಿದ್ದರು. ನನಗೆ ಹಿಡಿಸಲಿಲ್ಲ.

"ಬರ್ರಿ ಹಂಪೇಶಪ್ಪ, ಫೋನ್ಯಾಗ ಮಾತಾಡಿದ್ವಿ," ಎಂದು ಹೊನ್ನೂರಮ್ಮ ಅವನೆದುರಿಗೆ ಕುರ್ಚಿ ಎಳೆದುಕೊಂಡು ಕೂತರು. ನನಗೆ ಪಕ್ಕದ ಬೆಂಚು ತೋರಿಸಿದರು.

"ಮುಂಜಾನಿ ಎಷ್ಟಕ್ಕ ಏಳ್ತೀರಿ? ಜಳಕ ಬಿಸಿನೀರೋ, ತಣ್ಣೀರೋ? ಖಾರ ತಿಂತೀರೇನು?"

"ಅವನಿಗೆ ಖಾರ ಆಗಲ್ರಿ," ಎಂದೆ ನಾನು.

"ನನಗ... ಖಾರ ಬೇಕು," ಎಂದ ಹಂಪೇಶ.

ಹೊನ್ನೂರಮ್ಮ ಬರೆದುಕೊಂಡರು. ನನ್ನ ಕಡೆ ತಿರುಗಲಿಲ್ಲ. ನಲವತ್ತಾರು ವರ್ಷ ಖಾರವಿಲ್ಲದ ಸಾರು ಉಂಡಿದ್ದಾನೆ. ನಾವೆಲ್ಲ ಅವನಿಗಾಗಿ ಬೇರೆ ಪಾತ್ರೆಯಲ್ಲಿ ತೆಗೆದಿಟ್ಟು, ಎಂಥ ಮುತುವರ್ಜಿ ನಮ್ಮದು ಎಂದು ಬೀಗಿದ್ದೆವು.

ಅಲ್ಲಿ ಕಬ್ಬಿಣದ ಒಂದು ಸಾಧನ ಇದೆ. ಕೆಳಗೆ ಗಾಲಿ, ಮೇಲೆ ತೋಳು, ತೋಳಿಗೆ ಬಟ್ಟೆಯ ಜೋಲಿ. ಒಂದು ಹಿಡಿಕೆ ಒತ್ತಿದರೆ ಮನುಷ್ಯನನ್ನು ತೊಟ್ಟಿಲಿನಂತೆ ಎತ್ತಿ ಇನ್ನೊಂದು ಕಡೆ ಕೂರಿಸುತ್ತದೆ. ಹಂಪೇಶ ಅದರಲ್ಲಿ ಕೂತು ನೋಡಿದ. ಮೇಲೇರಿದ, ಗಾಳಿಯಲ್ಲಿ ಸ್ವಲ್ಪ ತೂಗಿದ, ಇಳಿದ. ಇನ್ನೊಮ್ಮೆ ಎಂದ. ಇನ್ನೊಮ್ಮೆ ಏರಿದ.

ಹೊರಗೆ ಬಂದು "ಇಷ್ಟು ಖುಷಿ ಪಡೋದು ಏನೈತಿ ಅದರಾಗ?" ಎಂದೆ.

"ಎತ್ತೋವಾಗ... ಯಾರೂ 'ಯಪ್ಪಾ' ಅನ್ನಲಿಲ್ಲ."

ನಾನು ದಿನಾ ಅನ್ನುತ್ತಿದ್ದೆ. ದಿನಕ್ಕೆ ಆರು ಸಲ. ಅನ್ನುತ್ತಿದ್ದೇನೆಂದು ನನಗೇ ಗೊತ್ತಿರಲಿಲ್ಲ.

ತಿಂಗಳಿಗೆ ಹದಿನಾಲ್ಕು ಸಾವಿರ.

ಡಿಸೆಂಬರ್ ೧೨, ಗುರುವಾರ

ವಿರೂಪಮ್ಮ ಅವರೆಕಾಯಿ ಸುಲಿಯುತ್ತ ಲೆಕ್ಕ ಹೇಳಿದಳು. ಮೂರು ಎಕರೆಯ ಗುತ್ತಿಗೆ ಒಂದು ಲಕ್ಷದ ಮೂವತ್ತು ಸಾವಿರ. ಅವನ ಅಂಗವಿಕಲ ಮಾಸಾಶನ ತಿಂಗಳಿಗೆ ಸಾವಿರದ ನಾನೂರು. ಆದರೂ ವರ್ಷಕ್ಕೆ ಇಪ್ಪತ್ತೊಂದು ಸಾವಿರದಷ್ಟು ಸಾಲುವುದಿಲ್ಲ.

"ಮ್ಯಾಗಿನ ಮನಿ ಬಾಡಿಗಿ ಐತಲ್ರಿ. ಅದರಾಗ ಹಾಕ್ರಿ."

"ಅದು ನಮ್ಮ ಮುಪ್ಪಿಗೆ ಅಂತ ಕಟ್ಟಿಸಿದ್ದು."

"ಯಾರ ದುಡ್ಡಿನ್ಯಾಗ?" ಎಂದಳು. ಸಿಟ್ಟಿಲ್ಲದೆ, ಕಾಳು ಎಷ್ಟಾಯಿತು ಎಂದು ಕೇಳುವ ಹಾಗೆ.

ಆಮೇಲೆ ಆಕೆಯೇ ಹೇಳಿದಳು. "ಆ ಪತ್ರ ಮಾಡಿಸಿದಾಗ ನನಗೂ ಗೊತ್ತಿತ್ತು. ನಾನೂ ಸುಮ್ನಿದ್ದೆ. ಮ್ಯಾಲೊಂದು ಮನಿ ಆಗ್ಲಿ ಅಂತ ನನಗೂ ಆಸಿ ಇತ್ತು. ನಿಮಗೊಬ್ಬರಿಗೇ ಬೈಯಾಕ ನನಗ ಬಾಯಿಲ್ಲ."

ಇಬ್ಬರೂ ಅವರೆಕಾಯಿ ಸುಲಿದೆವು.

ಡಿಸೆಂಬರ್ ೨೩, ಸೋಮವಾರ

ಹಂಪೇಶನ ಪಾಲಿನ ಹೊಲ ಅವನ ಹೆಸರಿಗೆ ಆಯಿತು.

ಪತ್ರ ಬರೆಯುವುದೇ ಪೇಚಾಟವಾಯಿತು. ಸ್ಟಾಂಪು ಖರ್ಚು ಕಡಿಮೆ ಬರಲೆಂದು ದಾನಪತ್ರ ಎಂದು ಬರೆದೆ. ಹಂಪೇಶ ಓದಿ ತಲೆ ಎತ್ತಿದ. "ನಂದ... ನನಗ ದಾನ ಕೊಡ್ತೀಯೇನು?"

"ಮತ್ತೇನಂತ ಬರೀಲಿ? ತಗೊಂಡಿದ್ದನ್ನ ವಾಪಸ್ ಕೊಡೋದಕ್ಕ ನಮೂನಿ ಇಲ್ಲ," ಎಂದೆ. ನಿಜವಾಗಿಯೂ ಇಲ್ಲ. ಕ್ರಯ ಇದೆ, ಭೋಗ್ಯ ಇದೆ, ವಿಭಾಗ ಇದೆ. ಕೊನೆಗೆ ಶೀರ್ಷಿಕೆ ದಾನಪತ್ರವೆಂದೇ ಇಟ್ಟು, ಒಳಗೆ ಒಂದು ಸಾಲು ಸೇರಿಸಿದೆ: "ಸದರಿ ಸ್ವತ್ತು ಮೂಲತಃ ನಿಮ್ಮ ಪಾಲಿನದೇ ಆಗಿದ್ದು, ಇಷ್ಟು ಕಾಲ ನಾನು ಅನುಭವಿಸಿಕೊಂಡು ಬಂದಿರುತ್ತೇನೆ." ಕಾನೂನಿಗೆ ಆ ಸಾಲು ಬೇಕಾಗಿಲ್ಲ. ಅವನು ಮೂರು ಸಲ ಓದಿದ. ಹೊಲದ ಪೂರ್ವದ ಗಡಿ ಬರೆದ ಸಾಲಿನಲ್ಲಿ ಒಂದು ಕಾಗುಣಿತ ತಪ್ಪು ತೋರಿಸಿದ. ತಿದ್ದಿದೆ.

ಕಚೇರಿಗೆ ಮೂರು ಮೆಟ್ಟಿಲಿವೆ. ಇಪ್ಪತ್ತಾರು ವರ್ಷ ಅದರ ಮುಂದೆಯೇ ಮೇಜು ಹಾಕಿಕೊಂಡು ಕೂತಿದ್ದೇನೆ, ಇವತ್ತು ಮೊದಲ ಸಲ ಎಣಿಸಿದೆ. ನಾಲ್ಕು ಜನ ಕುರ್ಚಿ ಸಮೇತ ಅವನನ್ನು ಎತ್ತಿ ಒಯ್ದರು. ನನ್ನ ಜೊತೆಯ ಪತ್ರ ಬರಹಗಾರ ತಿಪ್ಪೇರುದ್ರಪ್ಪ ಕಿವಿಯಲ್ಲಿ ಕೇಳಿದ: "ಏನ್ ಬಸಣ್ಣ, ತಮ್ಮ ಕೇಸು ಹಾಕಿದ್ನೇನು?"

ಕೇಸು ಹಾಕಿದ್ದರೆ ಎಷ್ಟು ಚೆನ್ನಾಗಿತ್ತು, ನಾನೇ ಗೆಲ್ಲುತ್ತಿದ್ದೆ ಎನ್ನಬೇಕೆನಿಸಿತು. "ಇಲ್ಲ. ನಾನ ತಪ್ಪು ಬರ್ದಿದ್ದೆ. ತಿದ್ದಿದೆ," ಎಂದೆ.

ತಿಪ್ಪೇರುದ್ರಪ್ಪ ಟೀ ತರಿಸಿದ. ಹಂಪೇಶನಿಗೂ ಒಂದು. ಕಪ್ಪು ಹಿಡಿಯಲು ಮಾತ್ರ ಯಾರೂ ಮುಂದೆ ಬರಲಿಲ್ಲ. ನಾನು ಹಿಡಿದೆ. ಟೀ ಕಪ್ಪು ಐದು ಕಿಲೋದ ಒಳಗೇ ಬರುತ್ತದೆ.

ಜನವರಿ ೬, ೨೦೨೫, ಸೋಮವಾರ

ಹಂಪೇಶ ಕುರುಗೋಡಿಗೆ ಹೋದ.

ಅವನು ಅಳಬಹುದು, ಆಗ ಏನು ಹೇಳಿ ಸಮಾಧಾನ ಮಾಡುವುದು ಎಂದು ದಾರಿಯಲ್ಲೆಲ್ಲ ಮಾತು ಜೋಡಿಸಿಕೊಂಡು ಹೋಗಿದ್ದೆ. "ವಾರಕ್ಕೊಮ್ಮೆ ಬರ್ತೀನಿ, ಮನಿ ಎಲ್ಲೂ ಹೋಗಂಗಿಲ್ಲ," ಇತ್ಯಾದಿ. ಅವನು ಹೋಗಿ ಕೂತವನೇ ಪಕ್ಕದ ಮಂಚದ ಮರಿಬಸಪ್ಪ ಎಂಬವನ ಜೊತೆ ಕ್ರಿಕೆಟ್ ಮಾತು ಶುರು ಮಾಡಿದ. ಮರಿಬಸಪ್ಪನಿಗೆ ಕಣ್ಣು ಕಾಣುವುದಿಲ್ಲ, ಇವನಿಗೆ ಮಾತು ತಡ. ಅವನು ರೇಡಿಯೋ ಕೇಳಿ ಹೇಳುತ್ತಾನೆ, ಇವನು ಅಲ್ಲ ಎನ್ನುತ್ತಾನೆ. ಅರ್ಧ ಗಂಟೆ ನಿಂತು ನೋಡಿದೆ.

"ಅಣ್ಣ, ಬಸ್ಸಿಗೆ ಹೊತ್ತಾತು," ಎಂದ ಹಂಪೇಶ.

ಜೋಡಿಸಿಕೊಂಡಿದ್ದ ಮಾತುಗಳನ್ನೆಲ್ಲ ಬಸ್ಸಿನಲ್ಲಿ ನಾನೇ ಉಪಯೋಗಿಸಿಕೊಂಡೆ. ಪಕ್ಕದಲ್ಲಿ ಕೂತ ಹೆಂಗಸು ಕರ್ಚೀಫ್ ಬೇಕೇನಣ್ಣ ಎಂದು ಕೇಳಿದಳು. ಧೂಳು ಎಂದೆ. ಕಿಟಕಿ ಮುಚ್ಚಿತ್ತು.

ಜನವರಿ ೯, ಗುರುವಾರ

ಐದಕ್ಕೇ ಎಚ್ಚರವಾಯಿತು. ಬಿಸಿನೀರು ಕಾಯಿಸಿದೆ. ಆಮೇಲೆ ನಾನೇ ಸ್ನಾನ ಮಾಡಿದೆ.

ಜನವರಿ ೧೯, ಭಾನುವಾರ

ವಿರೂಪಮ್ಮ ಮೊಣಕಾಲು ತೋರಿಸಿಕೊಂಡು ಬಂದಳು. ಬೇಗ ಬರಬೇಕಿತ್ತು ಎಂದರಂತೆ ಡಾಕ್ಟರರು. ಮಧ್ಯಾಹ್ನ ಆಕೆ ಕಾಲು ಚಾಚಿ ಎರಡು ಗಂಟೆ ನಿದ್ದೆ ಮಾಡಿದಳು. ಮದುವೆಯಾಗಿ ಇಪ್ಪತ್ತೈದು ವರ್ಷದಲ್ಲಿ ಹಗಲು ಮಲಗಿದ್ದನ್ನು ನಾನು ನೋಡಿರಲಿಲ್ಲ. ಸದ್ದಾಗದಂತೆ ಪಾತ್ರೆ ತೊಳೆದೆ. ಒಂದು ಲೋಟ ಒಡೆಯಿತು.

ಹಂಪೇಶನಿಗೆ ಫೋನು ಮಾಡಿದರೆ ಎತ್ತಲಿಲ್ಲ. ಸಂಜೆ ಮೆಸೇಜು ಬಂತು: "ಕೆಲಸದಾಗ ಇದ್ದೆ." ಅವನಿಗೆ ಎಂಥ ಕೆಲಸ?

ಫೆಬ್ರವರಿ ೪, ಮಂಗಳವಾರ

ಹೇಳದೆ ಕೇಳದೆ ಕುರುಗೋಡಿಗೆ ಹೋದೆ. ಬಾಗಿಲಲ್ಲೇ ಹೊನ್ನೂರಮ್ಮ ತಡೆದರು.

"ಹಂಪೇಶಪ್ಪಗ ಫೋನ್ ಮಾಡಿದ್ರೇನು?"

"ಇಲ್ರೀ. ಅಣ್ಣ ನಾನು."

"ಗೊತ್ತೈತ್ರಿ. ಆದ್ರೂ ಕೇಳಿ ಬರ್ತೀನಿ, ಕೂಡ್ರಿ."

ಬೆಂಚಿನ ಮೇಲೆ ಕೂತೆ. ಒಳಗಿನಿಂದ ಬಂದು ಇಪ್ಪತ್ತು ನಿಮಿಷ ಆಗುತ್ತದಂತೆ ಎಂದರು. ನನ್ನ ತಮ್ಮನನ್ನು ನೋಡಲು ನಾನು ಅಪ್ಪಣೆಗೆ ಕಾಯುವುದೇ ಎಂದು ಎರಡು ನಿಮಿಷ ಕುದಿದೆ. ಉಳಿದ ಹದಿನೆಂಟು ನಿಮಿಷ ಬೆಟ್ಟ ನೋಡಿದೆ. ಬಂಡೆಯ ಮೇಲೆ ಬಂಡೆ, ಯಾರೋ ಅವಸರದಲ್ಲಿ ಇಳಿಸಿ ಹೋದಂತೆ.

ಹಂಪೇಶ ಬಂದ. ಕುರ್ಚಿ ತಳ್ಳುತ್ತಿದ್ದವಳು ಎಲ್ಲಮ್ಮ, ಅಲ್ಲಿಯೇ ಇರುವ ಹೆಂಗಸು. ಆಕೆಗೆ ಬುದ್ಧಿ ಸ್ವಲ್ಪ ಮಂದ, ಕೈಗೆ ಬಲ ಇದೆ. ಹಂಪೇಶ ಆಕೆಗೆ ಹೆಸರು ಬರೆಯಲು ಕಲಿಸುತ್ತಿದ್ದನಂತೆ. ಆಕೆ ಸ್ಲೇಟು ತೋರಿಸಿದಳು. ಎಲ್ಲಮ್ಮ ಎಂಬುದರಲ್ಲಿ 'ಎ', 'ಲ', 'ಮ' ಬಂದಿದ್ದವು, ಒತ್ತುಗಳು ಇನ್ನೂ ಬಂದಿರಲಿಲ್ಲ.

ಹಂಪೇಶ ಕಪ್ಪಾಗಿದ್ದ. ಬಿಸಿಲಿನಲ್ಲಿ ಕೂರುತ್ತಾನಂತೆ. ಕ್ಷೌರ ಮಾಡಿಸಿ ಮೀಸೆ ಮಾತ್ರ ಬಿಟ್ಟಿದ್ದ. ನಮ್ಮ ಮನೆಯಲ್ಲಿ ಮೀಸೆ ಬೋಳಿಸುತ್ತಿದ್ದೆ, ಉಣಿಸುವಾಗ ಅಂಟುತ್ತದೆ ಎಂದು.

"ಯಾಕ ಬಂದಿ?" ಎಂದ.

"ಸುಮ್ನ. ನೋಡಾಕ."

ಅವನು ನನ್ನ ನಡುವಿನ ಕಡೆ ನೋಡಿದ. "ಸೊಂಟ?"

"ಪರವಾಗಿಲ್ಲ."

"ಊಟ... ಮಾಡ್ಕೊಂಡು ಹೋಗು."

ಬೇಡ, ಬಸ್ಸಿನ ಹೊತ್ತಾಗುತ್ತದೆ ಎಂದೆ. ಅವನು ಕೇಳಿಸಿಕೊಳ್ಳದವನಂತೆ ಅಡುಗೆ ಮನೆಯ ಕಡೆ ಮುಖ ಮಾಡಿ ಕೂಗಿದ. ಒಂದೊಂದೇ ಶಬ್ದ. ಮಧ್ಯದಲ್ಲಿ ನಿಂತು ಉಸಿರು ತೆಗೆದುಕೊಂಡ. ಅಡುಗೆಯವರು ಸೌಟು ಹಿಡಿದು ಬಾಗಿಲಿಗೆ ಬಂದು ಪೂರ್ತಿ ಆಗುವವರೆಗೆ ನಿಂತರು.

"ನಮ್ಮ ಅಣ್ಣ ಬಂದಾನ. ಒಂದು ಎಲಿ ಹಾಕ್ರಿ. ನನ್ನ ಹೆಸರಿಗೆ... ಬರ್ಕೋರ್ರಿ."

ಬಂದವರ ಊಟಕ್ಕೆ ಅಲ್ಲಿ ದುಡ್ಡು ಕೊಡಬೇಕಂತೆ, ಇರುವವರ ಲೆಕ್ಕಕ್ಕೆ ಹಿಡಿಯುತ್ತಾರಂತೆ. ನಾನು ಜೇಬಿಗೆ ಕೈ ಹಾಕಿದೆ. ಹಂಪೇಶ ಕಣ್ಣಲ್ಲೇ ಬೇಡ ಎಂದ. ಕೈ ಹೊರಗೆ ತೆಗೆದೆ.

ರೊಟ್ಟಿ, ಬದನೆಕಾಯಿ ಪಲ್ಯ, ಅನ್ನ, ಸಾರು. ಹಂಪೇಶನ ತಟ್ಟೆ ನನ್ನ ಎದುರಿಗೆ, ಎಲ್ಲಮ್ಮ ಉಣಿಸುತ್ತಿದ್ದಳು. ಸಾರು ಎಷ್ಟು ಖಾರ ಇತ್ತೆಂದರೆ ನನಗೆ ಮೂಗು, ಕಣ್ಣು ಎರಡೂ ಸುರಿದವು. ಅವನು ಆರಾಮಾಗಿ ಉಣ್ಣುತ್ತಿದ್ದ.

"ಇನ್ನೊಂದು ಸ್ವಲ್ಪ... ಹಾಕಸ್ಲೇನು?" ಎಂದು ಕೇಳಿದ. ಯಾರ ಮನೆಗೆ ಹೋದರೂ ಮನೆಯ ಯಜಮಾನ ಕೇಳುವ ಮಾತು. ನನ್ನ ತಮ್ಮನ ಬಾಯಿಂದ ಅದನ್ನು ಕೇಳಿದ್ದು ಇವತ್ತೇ.

ಹೊಟ್ಟೆ ತುಂಬಿತ್ತು, ನಾಲಿಗೆ ಉರಿಯುತ್ತಿತ್ತು, ಎರಡೂವರೆಯ ಬಸ್ಸು ಹೋಗಿಯಾಗಿತ್ತು. "ಹಾಕ್ಸು," ಎಂದೆ.